ಗೂಗಲ್ ಕಾಂಟ್ಯಾಕ್ಟ್ಸ್: ಎಕ್ಸ್‌ಪೋದಿಂದ ತಂದ ಕಾರ್ಡುಗಳಿಗೆ ಇಷ್ಟು ಸಾಕಾ?

ಗೂಗಲ್ ಕಾಂಟ್ಯಾಕ್ಟ್ಸ್‌ಗೂ ಯಾರಾದರೂ ರಿವ್ಯೂ ಬರೆಯುತ್ತಾರಾ ಅಂತ ನಗಬೇಡಿ. ಹೆಚ್ಚುಕಮ್ಮಿ ಎಲ್ಲರ ಫೋನಿನಲ್ಲೂ ಇದೆ, ಆದರೆ ಯಾರೂ ಅದನ್ನು ಒಂದು ಪ್ರಾಡಕ್ಟ್ ಅಂತ ನೋಡುವುದಿಲ್ಲ. ಅಮ್ಮನ ನಂಬರ್, ಗ್ಯಾಸ್ ಏಜೆನ್ಸಿ ನಂಬರ್, ಹಾಲಿನವರ ನಂಬರ್ ಇರುವ ಜಾಗ, ಅಷ್ಟೇ. ಆದರೆ ಕೆಲಸದ ಮೇಲೆ ಹೊಸಬರನ್ನು ಭೇಟಿ ಮಾಡಿ, ಅವರನ್ನು ನೆನಪಿಟ್ಟುಕೊಂಡು, ಸರಿಯಾದ ಹೊತ್ತಿಗೆ ಮತ್ತೆ ಮಾತಾಡಿಸಬೇಕಾದ ನನ್ನಂಥವರಿಗೆ ಪುಕ್ಕಟೆಯಾಗಿ ಸಿಗುವುದರಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದು ಕಂಡಿಲ್ಲ. ಕೊರತೆಗಳಿವೆ. ಒಂದಂತೂ ದೊಡ್ಡದೇ. ಅದನ್ನೂ ಹೇಳುತ್ತೇನೆ.

ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿಗೆ ಆರ್ಡರ್ ತರುವುದು ನನ್ನ ಕೆಲಸ. ಸಿಎನ್‌ಸಿ ಟರ್ನಿಂಗ್, ಮಿಲ್ಲಿಂಗ್, ಜಾಬ್‌ವರ್ಕ್, ಅಂದರೆ ಕಂಪ್ಯೂಟರ್ ನಡೆಸುವ ಮಷೀನಿನಲ್ಲಿ ಬೇರೆ ಕಂಪನಿಗಳಿಗೆ ಲೋಹದ ಪಾರ್ಟು ಕಡೆದು ಕೊಡುವುದು. ಸೇಲ್ಸ್ ಟೀಮ್ ಅಂತ ಬೇರೆ ಇಲ್ಲ, ನಾನೇ ಟೀಮು. ನಮ್ಮ ಲೈನಿನವರಿಗೆ ವರ್ಷದ ದೊಡ್ಡ ಜಾತ್ರೆ ಅಂದರೆ ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್, ಮಷೀನ್ ಟೂಲ್‌ಗಳ ಎಕ್ಸ್‌ಪೋ. ಬೆಸ ವರ್ಷ ಬಂದರೆ ಮೆಟಲ್ ಕಟಿಂಗ್, ಸಮ ವರ್ಷ ಬಂದರೆ ಮೆಟಲ್ ಫಾರ್ಮಿಂಗ್, ಅಂದರೆ ಲೋಹವನ್ನು ಒತ್ತಿ, ಬಗ್ಗಿಸಿ ಆಕಾರ ಕೊಡುವುದು. 2025ರದ್ದು ಜನವರಿ 23ರಿಂದ 29ರವರೆಗೆ ಇತ್ತು. 2024ರ ನವೆಂಬರಿನಲ್ಲಿ ಮೆಟ್ರೊ ಹಸಿರು ಲೈನ್ ಮಾದಾವರದವರೆಗೆ ಬಂದ ಮೇಲೆ ಹೋಗಿಬರುವ ಕಷ್ಟ ತಪ್ಪಿದೆ. ಕಷ್ಟ ಇರುವುದು ಬಂದಮೇಲೆ.

ಜೇಬು ತುಂಬ ಕಾರ್ಡು ತಂದು ರಾತ್ರಿ ಮೇಜಿನ ಮೇಲೆ ಹರಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ನೀಲಿ ಲೋಗೊ, ಮೂರು ಫೋನ್ ನಂಬರ್, ಹಿಂದೆ ಮಷೀನುಗಳ ಪಟ್ಟಿ. ಪ್ರಿಸಿಷನ್, ಇಂಜಿನಿಯರಿಂಗ್, ಇಂಡಸ್ಟ್ರೀಸ್, ಈ ಮೂರರಲ್ಲಿ ಒಂದೂ ಇಲ್ಲದ ಕಂಪನಿ ಹೆಸರನ್ನು ಪೀಣ್ಯದಲ್ಲಿ ಹುಡುಕಿಕೊಂಡೇ ಹೋಗಬೇಕು. ಹಾಲ್ ಸುತ್ತಿ ಸುತ್ತಿ ಕಾಲು ಬಿದ್ದುಹೋಗಿರುವಾಗ, ಸ್ಯಾಂಪಲ್ ಕೇಳಿದವರು ಯಾರು, ಸುಮ್ನೆ ಮರ್ಯಾದೆಗೆ ಕಾರ್ಡ್ ಕೊಟ್ಟವರು ಯಾರು, ನಮಗೇ ಮಷೀನ್ ಮಾರಲು ಬಂದವರು ಯಾರು, ಎಲ್ಲ ಕಲಸಿಹೋಗಿರುತ್ತದೆ. ನಂಬರ್ ಸೇವ್ ಮಾಡಿಕೊಂಡರೂ ಅಷ್ಟೇ. ಫೋನಿನಲ್ಲಿ 'ಮಂಜು' ಅಂತ ಹುಡುಕಿದರೆ ಆಟೋ ಮಂಜು, ಪ್ಲಂಬರ್ ಮಂಜು, ಮಂಜುನಾಥ್ ಟೂಲಿಂಗ್, ಮಂಜುನಾಥ್ ಟೂಲಿಂಗ್ ಹೊಸದು, ಮಂಜುನಾಥ್ ಸರ್ ಅಂತ ಸಾಲಾಗಿ ಬರುತ್ತಾರೆ. ಈ ಮಂಜುನಾಥ್ ಸರ್ ಯಾರು? ಟ್ರೂಕಾಲರ್‌ನಲ್ಲಿ ಹಾಕಿ ನೋಡಿದರೂ ಹೆಸರು ಸಿಗಬಹುದೇ ಹೊರತು ಎಲ್ಲಿ ಸಿಕ್ಕಿದ್ದರು, ಏನು ಮಾತಾಯಿತು ಅನ್ನುವುದು ಸಿಗುವುದಿಲ್ಲ. ಅದಕ್ಕೇನು ಗೊತ್ತು ಪಾಪ.

ನಾನು ಈ ಆ್ಯಪನ್ನು ಮೆಚ್ಚಿಕೊಂಡಿದ್ದು ಇದೊಂದೇ ಕಾರಣಕ್ಕೆ. ಹೆಸರು, ಕಂಪನಿ, ಹುದ್ದೆ, ಫೋನ್, ಇಮೇಲ್ ಎಲ್ಲ ಆದಮೇಲೆ ಕೆಳಗೆ ನೋಟ್ಸ್ ಅಂತ ಒಂದು ಖಾನೆ ಇದೆ. ಫೋನಿನಲ್ಲಿ ಸ್ವಲ್ಪ ಕೆಳಗೆ ಸರಿಸಿ ಹುಡುಕಬೇಕು, ಅದಕ್ಕೇ ಎಷ್ಟೋ ಜನ ಅದನ್ನು ನೋಡಿಯೇ ಇರುವುದಿಲ್ಲ. ನಾನು ಏನು ಬರೆಯುತ್ತೇನೆ ಅಂತ ಒಂದು ಮಾದರಿ ಕೊಡುತ್ತೇನೆ, ಹೆಸರು ಮತ್ತು ವಿವರ ಬದಲಾಯಿಸಿದ್ದೇನೆ:

'ಇಮ್‌ಟೆಕ್ಸ್ 2025, ಹಾಲ್ 3, ಶನಿವಾರ ಮಧ್ಯಾಹ್ನ. ಹೊಸೂರು ಪ್ಲಾಂಟ್. ಎಸ್‌ಎಸ್ 304 ಬುಶ್, ತಿಂಗಳಿಗೆ ಎರಡು ಸಾವಿರ. ಈಗಿನ ಸಪ್ಲೈಯರ್ ಡೆಲಿವರಿ ಲೇಟ್ ಅಂತೆ. ಅವರು: ಡ್ರಾಯಿಂಗ್ ಕಳಿಸ್ತಾರೆ. ನಾನು: ಹಳೆ ಸಿಎಂಎಂ ರಿಪೋರ್ಟ್ ಒಂದು ಕಳಿಸಬೇಕು. ಮಗಳಿಗೆ ಸೆಕೆಂಡ್ ಪಿಯು ಪರೀಕ್ಷೆ, ಮಾರ್ಚ್ ಕಳೆಯಲಿ.'

ಇಷ್ಟೇ. (ಎಸ್‌ಎಸ್ 304 ಅಂದರೆ ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್, ಬುಶ್ ಅಂದರೆ ಕೊಳವೆಯಂಥ ಒಂದು ಪಾರ್ಟು, ಸಿಎಂಎಂ ರಿಪೋರ್ಟ್ ಅಂದರೆ ಪಾರ್ಟಿನ ಅಳತೆಯನ್ನು ಮಷೀನಿನಲ್ಲಿ ಪರೀಕ್ಷಿಸಿದ ವರದಿ.) ಟೈಪ್ ಮಾಡಲು ಒಂದು ನಿಮಿಷ ಬೇಕಾಗಬಹುದು. ಬೇಜಾರಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೂ ಬರೆದುಕೊಳ್ಳುತ್ತದೆ. ಬುಶ್, ಸಿಎಂಎಂ ಥರದ ಪದಗಳನ್ನು ಆಮೇಲೆ ತಿದ್ದಬೇಕಾಗಬಹುದು. 'ಅವರು', 'ನಾನು' ಅಂತ ಬೇರೆ ಬೇರೆ ಬರೆಯುವುದು ನಾನೇ ಮಾಡಿಕೊಂಡ ಪದ್ಧತಿ. ಯಾರು ಏನು ಕೊಡುತ್ತೇನೆ ಅಂದರು ಅನ್ನುವುದು ಒಂದು ವಾರ ಕಳೆದರೆ ಉಲ್ಟಾ ಆಗಿ ನೆನಪಿರುತ್ತದೆ. ಅವರು ಡ್ರಾಯಿಂಗ್ ಕಳಿಸಲಿ ಅಂತ ನಾವು ಕಾಯುತ್ತಿರುತ್ತೇವೆ, ನಾವು ರಿಪೋರ್ಟ್ ಕಳಿಸಲಿ ಅಂತ ಅವರು ಕಾಯುತ್ತಿರುತ್ತಾರೆ, ಮಧ್ಯದಲ್ಲಿ ಮೂರನೆಯವನು ಕೋಟ್ ಕೊಟ್ಟು ಪಿಒ (ಪರ್ಚೇಸ್ ಆರ್ಡರ್) ತೆಗೆದುಕೊಂಡು ಹೋಗಿರುತ್ತಾನೆ. ಪೀಣ್ಯದಲ್ಲಿ ಮೂರನೆಯವರಿಗೆ ಬರ ಇಲ್ಲ.

ಮಗಳ ಪರೀಕ್ಷೆ ಯಾಕೆ ಬರೆಯಬೇಕು ಅಂತ ನಮ್ಮ ಆಫೀಸಿನವರು ಒಬ್ಬರು ಕೇಳಿದರು. ಬಕೆಟ್ ಹಿಡಿಯಲು ಅಲ್ಲ. ಫೆಬ್ರವರಿ ಕೊನೆಯಲ್ಲಿ ಫೋನ್ ಮಾಡಿ 'ಯಾಕೆ ಸರ್ ರಿಪ್ಲೈ ಇಲ್ಲ' ಅಂತ ಒತ್ತಾಯ ಮಾಡದೇ ಇರಲು. ಮನೆಯಲ್ಲಿ ಪಿಯು ಮಗು ಇರುವವರ ತಲೆ ಆ ಹೊತ್ತಿಗೆ ಎಲ್ಲಿರುತ್ತದೆ ಅಂತ ನಿಮಗೂ ಗೊತ್ತು, ಅಲ್ವಾ.

ಒಂದು ಎಚ್ಚರಿಕೆ. ನೋಟ್ಸ್‌ನಲ್ಲಿ ಬಾಯಿಗೆ ಬಂದದ್ದು ಬರೆಯಬೇಡಿ. ಕಾಂಟ್ಯಾಕ್ಟನ್ನು ಫೈಲ್ ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ನೋಟ್ಸ್ ಕೂಡ ಜೊತೆಗೆ ಹೋಗಬಹುದು. 'ಜಿಪುಣ, ರೇಟ್ ಜಾಸ್ತಿ ಹೇಳಿ ಶುರು ಮಾಡು' ಅಂತ ಬರೆದದ್ದು ಅವರದೇ ಆಫೀಸಿಗೆ ತಲುಪಿದರೆ ಆಮೇಲೆ ಏನು ಹೇಳುತ್ತೀರಿ?

ಇನ್ನು ಕಾರ್ಡಿನಿಂದ ಫೋನಿಗೆ ತರುವ ಕೆಲಸ. ಗೂಗಲ್ ಲೆನ್ಸ್ ತೆರೆದು ಕಾರ್ಡಿನ ಮೇಲೆ ಹಿಡಿದರೆ ಹೆಸರು, ನಂಬರ್, ಇಮೇಲ್ ಓದಿ ಕಾಂಟ್ಯಾಕ್ಟ್ ಮಾಡಲಾ ಅಂತ ಕೇಳುತ್ತದೆ. ಬೇರೆ ಸ್ಕ್ಯಾನರ್ ಆ್ಯಪ್ ಬೇಡ. ಹಾಗಂತ ಕಣ್ಣುಮುಚ್ಚಿ ಸೇವ್ ಒತ್ತಬಾರದು, ಯಾವ ಸ್ಕ್ಯಾನರ್ ಆದರೂ ಸರಿ, ನಂಬರಿನ ಒಂದೊಂದು ಅಂಕಿಯನ್ನೂ ಕಾರ್ಡಿನ ಜೊತೆ ಒಮ್ಮೆ ಹೋಲಿಸಿ ನೋಡಬೇಕು. ಚಿನ್ನದ ಬಣ್ಣದಲ್ಲಿ ಕೆತ್ತಿದ ಅಕ್ಷರ, ಕಪ್ಪು ಕಾರ್ಡಿನ ಮೇಲೆ ಕಡುನೀಲಿ ಅಕ್ಷರ, ಇಂಥ ಡಿಸೈನ್ ಮಾಡಿಸುವವರಿಗೆ ಯಾರು ಸಲಹೆ ಕೊಡುತ್ತಾರೋ ಗೊತ್ತಿಲ್ಲ, ಮನುಷ್ಯರ ಕಣ್ಣಿಗೇ ಓದಲಾಗುವುದಿಲ್ಲ. ಕಾರ್ಡಿನ ಹಿಂದೆ ಕನ್ನಡದಲ್ಲಿ ಹೆಸರಿದ್ದರೆ ಅದನ್ನು ನಾನೇ ಟೈಪ್ ಮಾಡಿಕೊಳ್ಳುತ್ತೇನೆ. ಫೋನ್ ಮಾಡಿದಾಗ ಹೆಸರನ್ನು ಸರಿಯಾಗಿ ಕರೆದರೆ ಅರ್ಧ ಕೆಲಸ ಆದ ಹಾಗೆ.

ಸ್ಕ್ಯಾನರ್ ಆ್ಯಪ್ ಬೇಡ ಅನ್ನಲು ಇನ್ನೂ ಒಂದು ಕಾರಣ ಇದೆ. ಇವುಗಳಿಗೆ ಆಯಸ್ಸು ಕಡಿಮೆ. ಕಾರ್ಡ್‌ಮಂಚ್ ಅಂತ ಒಂದಿತ್ತು, ಲಿಂಕ್ಡ್‌ಇನ್ 2011ರಲ್ಲಿ ಕೊಂಡುಕೊಂಡು 2014ರಲ್ಲಿ ಮುಚ್ಚಿತು. ಆಮೇಲೆ ನಮ್ಮ ಕಡೆ ತುಂಬ ಜನ ಬಳಸುತ್ತಿದ್ದ ಕ್ಯಾಮ್‌ಕಾರ್ಡ್ 2020ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 43 ಆ್ಯಪುಗಳ ಪಟ್ಟಿಯಲ್ಲಿ ಸೇರಿತು. ವರ್ಷಗಟ್ಟಲೆ ಕೂಡಿಟ್ಟ ಕಾರ್ಡುಗಳು ಅದರೊಳಗೇ ಇದ್ದು, ಬೇರೆ ಕಡೆ ಕಾಪಿ ಇಲ್ಲದವರು ಏನು ಮಾಡಬೇಕು? ಗೂಗಲ್ ಕೂಡ ತನ್ನ ಎಷ್ಟೋ ಸೇವೆಗಳನ್ನು ಮುಚ್ಚಿದೆ, ಅದರ ಮೇಲೆ ನನಗೆ ಕುರುಡು ನಂಬಿಕೆ ಏನಿಲ್ಲ. ಆದರೆ ಇಲ್ಲಿ ಎಕ್ಸ್‌ಪೋರ್ಟ್ ಬಟನ್ ಇದೆ, ಒತ್ತಿದರೆ ಇಡೀ ಪಟ್ಟಿ ನೋಟ್ಸ್ ಸಮೇತ ಸಿಎಸ್‌ವಿ ಫೈಲ್ ಆಗಿ ಕೈಗೆ ಬರುತ್ತದೆ, ಎಕ್ಸೆಲ್‌ನಲ್ಲಿ ತೆರೆಯಬಹುದು. ಬಿಟ್ಟುಹೋಗಲು ಬಾಗಿಲು ಇಟ್ಟಿದ್ದಾರೆ ಅನ್ನುವುದೇ ನನಗೆ ಇರಲು ಧೈರ್ಯ.

ಲೇಬಲ್‌ಗಳ ಬಗ್ಗೆ ಹೇಳಬೇಕು. ಒಂದೇ ಕಾಂಟ್ಯಾಕ್ಟಿಗೆ ಎಷ್ಟು ಲೇಬಲ್ ಬೇಕಾದರೂ ಅಂಟಿಸಬಹುದು. ನಾನು 'ಇಮ್‌ಟೆಕ್ಸ್ 2025' ಥರ ಎಲ್ಲಿ ಸಿಕ್ಕಿದರು ಅನ್ನುವುದಕ್ಕೆ ಒಂದು, 'ಏರೋಸ್ಪೇಸ್', 'ಪಂಪ್', 'ಮೆಡಿಕಲ್' ಥರ ಯಾವ ಲೈನ್ ಅನ್ನುವುದಕ್ಕೆ ಒಂದು ಇಟ್ಟಿದ್ದೇನೆ. ಜಾಸ್ತಿ ಮಾಡಿದರೆ ಮೂರು ತಿಂಗಳ ಮೇಲೆ ನಮಗೇ ಯಾವುದು ಯಾತಕ್ಕೆ ಅಂತ ಮರೆಯುತ್ತದೆ. ಜಿಮೇಲ್‌ನಲ್ಲಿ ಟು ಅಂತ ಇರುವ ಕಡೆ ಲೇಬಲ್ ಹೆಸರು ಬರೆದರೆ ಅದರಲ್ಲಿರುವ ಎಲ್ಲರ ಇಮೇಲ್ ಬಂದು ಕೂರುತ್ತದೆ. ಆದರೆ ದಯವಿಟ್ಟು ಅದನ್ನು ಬಿಸಿಸಿಯಲ್ಲಿ ಹಾಕಿ. ಎಲ್ಲ ಗಿರಾಕಿಗಳೂ ಒಬ್ಬರ ವಿಳಾಸ ಒಬ್ಬರು ನೋಡುವ ಹಾಗೆ ಮೇಲ್ ಕಳಿಸುವ ಸಪ್ಲೈಯರುಗಳು ಈಗಲೂ ಇದ್ದಾರೆ. ಆ ಮೇಲ್ ಪ್ರತಿಸ್ಪರ್ಧಿ ಕೈಗೆ ಸಿಕ್ಕರೆ ಅವನಿಗೆ ಕೂತಲ್ಲೇ ಒಂದು ಮಾರ್ಕೆಟಿಂಗ್ ಲಿಸ್ಟ್ ಸಿಕ್ಕ ಹಾಗೆ.

ಒಂದೇ ಮನುಷ್ಯ ಎರಡು ಸಲ ಸೇವ್ ಆಗಿದ್ದರೆ ಸೇರಿಸಲಾ ಅಂತ ಅದೇ ಕೇಳುತ್ತದೆ. ಏನಾದರೂ ಎಡವಟ್ಟಾದರೆ ಕಂಪ್ಯೂಟರಿನಲ್ಲಿ ತೆರೆದು ಇಡೀ ಪಟ್ಟಿಯನ್ನು ಹಿಂದಿನ 30 ದಿನದೊಳಗಿನ ಯಾವುದಾದರೂ ಹೊತ್ತಿಗೆ ವಾಪಸ್ ತಿರುಗಿಸಬಹುದು. ಅಳಿಸಿದ ಕಾಂಟ್ಯಾಕ್ಟ್ ಕೂಡ 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಒಟ್ಟು 25,000 ಕಾಂಟ್ಯಾಕ್ಟ್ ಹಿಡಿಯುತ್ತದೆ, ಅಷ್ಟು ಜನರನ್ನು ಕಟ್ಟಿಕೊಂಡು ನಾವೇನು ಮಾಡೋಣ.

ಈಗ ಆ ದೊಡ್ಡ ಕೊರತೆ. ಹುಟ್ಟುಹಬ್ಬದ ತಾರೀಕು ಹಾಕಿದರೆ ಗೂಗಲ್ ಕ್ಯಾಲೆಂಡರಿನಲ್ಲಿ ತೋರಿಸುವ ಈ ಆ್ಯಪಿಗೆ, 'ಇವರನ್ನು ಹದಿನೈದು ದಿನ ಬಿಟ್ಟು ಮಾತಾಡಿಸು, ಆಮೇಲೆ ತಿಂಗಳು ಬಿಟ್ಟು' ಅಂತ ಹೇಳಿ ಇಡಲು ಜಾಗವಿಲ್ಲ. ಯಾರ ಜೊತೆ ಮಾತಾಡಿ ಎಷ್ಟು ದಿನವಾಯಿತು, ಯಾರು ತಣ್ಣಗಾಗುತ್ತಿದ್ದಾರೆ ಅನ್ನುವ ಪಟ್ಟಿ ಇಲ್ಲ. ಕೆಲಸದ ಸಂಪರ್ಕ ಇಟ್ಟುಕೊಳ್ಳುವವರಿಗೆ ಬೇಕಾದದ್ದೇ ಅದು. ಇದು ವಿಳಾಸದ ಪುಸ್ತಕ, ಸಿಆರ್‌ಎಂ (ಗಿರಾಕಿಗಳ ಜೊತೆಗಿನ ವ್ಯವಹಾರದ ಲೆಕ್ಕ ಇಡುವ ಸಾಫ್ಟ್‌ವೇರ್) ಅಲ್ಲ ಅಂತ ಸಮಾಧಾನ ಹೇಳಬಹುದು, ಆದರೆ ಕ್ಯಾಲೆಂಡರ್, ಟಾಸ್ಕ್ಸ್, ಜಿಮೇಲ್ ಎಲ್ಲ ಒಂದೇ ಕಂಪನಿ ಕೈಯಲ್ಲಿ ಇಟ್ಟುಕೊಂಡು ಒಂದು ಫಾಲೋ-ಅಪ್ ಬಟನ್ ಕೊಡಲು ಏನು ಕಷ್ಟವೋ.

ನಾನು ಮಾಡುವ ಉಪಾಯ ಹೀಗೆ. ನೋಟ್ಸ್ ಬರೆದ ತಕ್ಷಣ ಕ್ಯಾಲೆಂಡರ್ ತೆರೆದು ಮುಂದಿನ ಮಾತಿನ ದಿನಕ್ಕೆ ಒಂದು ಎಂಟ್ರಿ ಹಾಕುತ್ತೇನೆ, ಅದರ ಹೆಸರನ್ನೇ ಪ್ರಶ್ನೆಯಾಗಿ ಬರೆಯುತ್ತೇನೆ: 'ಹೊಸೂರು ಮಂಜುನಾಥ್, ಡ್ರಾಯಿಂಗ್ ಬಂತಾ?' ಬರೀ 'ಮಂಜುನಾಥ್ ಫಾಲೋ-ಅಪ್' ಅಂತ ಹಾಕಿದರೆ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಟಿಣ್ ಅಂದಾಗ ಏನು ಮಾತಾಡಬೇಕು ಅಂತ ಹೊಳೆಯುವುದಿಲ್ಲ, ಆಮೇಲೆ ನೋಡೋಣ ಅಂತ ಸ್ವೈಪ್ ಮಾಡುತ್ತೇವೆ. ಪ್ರಶ್ನೆ ಇದ್ದರೆ ಅದನ್ನೇ ಕೇಳಿದರಾಯಿತು. ಮಾತು ಮುಗಿದ ಮೇಲೆ ನೋಟ್ಸ್‌ನಲ್ಲಿ ತಾರೀಕು ಹಾಕಿ ಒಂದು ಸಾಲು, ಕ್ಯಾಲೆಂಡರಿನಲ್ಲಿ ಮುಂದಿನ ದಿನ. ಎರಡು ಆ್ಯಪ್ ಮಧ್ಯೆ ಓಡಾಡುವುದು ಕಿರಿಕಿರಿಯೇ. ಇದಕ್ಕೇ ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೇನೆ.

ಹುಡುಕಾಟ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ತೆರೆದು 'ಬುಶ್' ಅಂತ ಹಾಕಿದರೆ ನೋಟ್ಸ್‌ನಲ್ಲಿ ಆ ಪದ ಇರುವವರು ಬರುತ್ತಾರೆ. ಆದರೆ ಒಂದೇ ಪದವನ್ನು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟರೆ ಅರ್ಧ ಜನ ತಪ್ಪಿಹೋಗುತ್ತಾರೆ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ. ನಾನು ಮಟೀರಿಯಲ್ ಗ್ರೇಡ್, ಪಾರ್ಟ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಉಳಿದ ಮಾತು ಕನ್ನಡದಲ್ಲಿ ಇಡುತ್ತೇನೆ. ಮೇಲಿನ ಮಾದರಿಯನ್ನು ನಿಮಗಾಗಿ ಪೂರ್ತಿ ಕನ್ನಡ ಅಕ್ಷರದಲ್ಲಿ ಹಾಕಿದ್ದೇನೆ.

ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಕಳಿಸುವ ಮೆಸೇಜ್ ಸಪ್ಪೆ ಇದ್ದರೆ ಏನೂ ಆಗುವುದಿಲ್ಲ. ಎಕ್ಸ್‌ಪೋ ಮುಗಿದ ಮರುದಿನ ನನಗೇ ಬರುವ ಮೆಸೇಜುಗಳು ಹೇಗಿರುತ್ತವೆ ಅಂದರೆ, 'ಡಿಯರ್ ಸರ್, ಇಟ್ ವಾಸ್ ನೈಸ್ ಮೀಟಿಂಗ್ ಯು, ಪ್ಲೀಸ್ ಫೈಂಡ್ ಅವರ್ ಕಂಪನಿ ಪ್ರೊಫೈಲ್', ಜೊತೆಗೆ ಒಂದು ಭಾರೀ ಪಿಡಿಎಫ್. ಯಾರು, ಎಲ್ಲಿ ಸಿಕ್ಕರು, ಏನು ಬೇಕು, ಒಂದೂ ಇಲ್ಲ. ಅದನ್ನು ತೆರೆಯುವವರು ಯಾರು. ಅದೇ ನೋಟ್ಸ್ ನೋಡಿಕೊಂಡು ಹೀಗೆ ಬರೆದರೆ ಹೇಗೆ:

'ನಮಸ್ತೆ ಸರ್. ಶನಿವಾರ ಇಮ್‌ಟೆಕ್ಸ್‌ನಲ್ಲಿ ಎಸ್‌ಎಸ್ ಬುಶ್ ಬಗ್ಗೆ ಮಾತಾಡಿದ್ವಿ, ಪೀಣ್ಯದ ಜಾಬ್‌ವರ್ಕ್ ಶಾಪಿನವನು. ನೀವು ಕೇಳಿದ ಸಿಎಂಎಂ ರಿಪೋರ್ಟ್ ಇಲ್ಲಿದೆ, ಇದೇ ಸೈಜಿನ ಹಳೆಯ ಪಾರ್ಟಿನದು. ಡ್ರಾಯಿಂಗ್ ಬಂದರೆ ಎರಡು ದಿನದಲ್ಲಿ ರೇಟ್ ಕೊಡ್ತೀನಿ.'

ನಾಲ್ಕೇ ಸಾಲು. ಅವರು ಕೇಳಿದ್ದು ಅದರಲ್ಲೇ ಇದೆ, ಮುಂದೆ ಅವರು ಮಾಡಬೇಕಾದ್ದೂ ಇದೆ. ಮರುದಿನವೇ ಕಳಿಸುವುದು ನನಗೆ ಇಷ್ಟವಿಲ್ಲ, ಸ್ಟಾಲ್ ಹಾಕಿದವರು ಇನ್ನೂ ಮಷೀನ್ ಲೋಡ್ ಮಾಡಿಸುತ್ತಿರುತ್ತಾರೆ, ನೋಡಲು ಬಂದವರ ಮೇಜಿನ ಮೇಲೆ ವಾರದ ಕೆಲಸ ಬಿದ್ದಿರುತ್ತದೆ. ಎರಡು ಮೂರು ಕೆಲಸದ ದಿನ ಬಿಟ್ಟು, ಹನ್ನೊಂದು ಗಂಟೆ ಹೊತ್ತಿಗೆ, ಬೆಳಗಿನ ಪ್ರೊಡಕ್ಷನ್ ಮೀಟಿಂಗ್ ಮುಗಿದಿರುವಾಗ. ಸೋಮವಾರ ಬೇಡ. ಮೊದಲ ಮೆಸೇಜಿಗೆ ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಂದು, ಆಮೇಲೆ ಒಂದು ಫೋನ್, ಅದಕ್ಕೂ ಇಲ್ಲ ಅಂದರೆ ಮುಂದಿನ ಎಕ್ಸ್‌ಪೋವರೆಗೆ ಬಿಟ್ಟುಬಿಡುತ್ತೇನೆ. 'ಜಸ್ಟ್ ಚೆಕಿಂಗ್ ಸರ್' ಅಂತ ಮೂರು ಮೂರು ದಿನಕ್ಕೆ ಕೆಣಕುವವರ ನಂಬರನ್ನು ನಾನೇ ಮ್ಯೂಟ್ ಮಾಡಿದ್ದೇನೆ.

ವಾಟ್ಸ್ಆ್ಯಪ್ ಬಿಸಿನೆಸ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ನಾನೂ ಬಳಸುತ್ತೇನೆ. 2018ರ ಜನವರಿಯಲ್ಲಿ ಬಂದದ್ದು, ಇದೂ ಪುಕ್ಕಟೆ. ಚಾಟ್‌ಗಳಿಗೆ ಬಣ್ಣದ ಲೇಬಲ್ ಹಾಕಬಹುದು, 20ರವರೆಗೆ. ಆರ್ಡರ್ ಯಾವ ಹಂತದಲ್ಲಿದೆ ಅಂತ ನೋಡಲು ಇದರಷ್ಟು ಸುಲಭ ಬೇರೆ ಇಲ್ಲ. 'ಕೋಟ್ ಕಳಿಸಿದೆ', 'ಸ್ಯಾಂಪಲ್ ಹೋಗಿದೆ', 'ಪೇಮೆಂಟ್ ಬಾಕಿ', ಇಷ್ಟಿದ್ದರೆ ಬೆಳಿಗ್ಗೆ ಟೀ ಕುಡಿಯುತ್ತ ಒಂದು ಸುತ್ತು ಹಾಕಬಹುದು. ಆದರೆ ಲೇಬಲ್ ಇರುವುದು ಚಾಟ್‌ಗೆ. ಇನ್ನೂ ಮೆಸೇಜನ್ನೇ ಕಳಿಸದ, ಕಾರ್ಡ್ ಮಾತ್ರ ಕೊಟ್ಟ ಮನುಷ್ಯ ಅಲ್ಲಿ ಕಾಣಿಸುವುದಿಲ್ಲ, ನಮಗೆ ಮರೆತುಹೋಗುವುದೇ ಅಂಥವರು. ಬ್ರಾಡ್‌ಕಾಸ್ಟ್ ಪಟ್ಟಿಯನ್ನು ನೆಚ್ಚಿಕೊಂಡವರಿಗೂ ಒಂದು ಮಾತು: ಒಂದು ಪಟ್ಟಿಗೆ 256 ಜನ, ಅದರಲ್ಲೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಎಕ್ಸ್‌ಪೋದಲ್ಲಿ ಸಿಕ್ಕವರು ನಮ್ಮ ನಂಬರ್ ಸೇವ್ ಮಾಡಿರುತ್ತಾರೆ ಅಂತ ನಂಬುವುದು ಸ್ವಲ್ಪ ಜಾಸ್ತಿಯೇ ಆಯಿತು. ಇನ್ನು ಒಂದೇ ನಂಬರನ್ನು ಮಾಮೂಲಿ ವಾಟ್ಸ್ಆ್ಯಪ್‌ಗೂ ಬಿಸಿನೆಸ್‌ಗೂ ಒಟ್ಟಿಗೆ ಇಡಲಾಗುವುದಿಲ್ಲ, ಮನೆಯ ಗ್ರೂಪ್‌ಗಳ ಗುಡ್ ಮಾರ್ನಿಂಗ್‌ನಿಂದ ಆಫೀಸನ್ನು ಬೇರೆ ಮಾಡಬೇಕು ಅಂದರೆ ಎರಡನೇ ಸಿಮ್ ಬೇಕು. ಅದು ಒಳ್ಳೆಯ ಖರ್ಚು ಅಂತಲೇ ನನ್ನ ಅಭಿಪ್ರಾಯ.

ಲಿಂಕ್ಡ್‌ಇನ್ ಬೇರೆ ಥರ. ಐಟಿಯವರು ಬೆಂಗಳೂರು ಟೆಕ್ ಸಮಿಟ್‌ನಂಥ ಕಡೆ ಕಾರ್ಡ್ ಬದಲು ಕ್ಯೂಆರ್ ತೋರಿಸುತ್ತಾರೆ, 2018ರಿಂದ ಆ ಸೌಲಭ್ಯ ಇದೆ, ಕ್ಷಣದಲ್ಲಿ ಕನೆಕ್ಟ್ ಆಗುತ್ತದೆ. ಪೀಣ್ಯದ ಪರ್ಚೇಸ್ ಮ್ಯಾನೇಜರುಗಳಲ್ಲಿ ಲಿಂಕ್ಡ್‌ಇನ್ ದಿನಾ ನೋಡುವವರು ಕಡಿಮೆ. ಆದರೆ ಜನ ಕಂಪನಿ ಬದಲಾಯಿಸಿದಾಗ ಮೊದಲು ಗೊತ್ತಾಗುವುದು ಅಲ್ಲೇ, ಆಫೀಸಿನ ಇಮೇಲ್ ಸತ್ತುಹೋಗಿರುತ್ತದೆ, ಪ್ರೊಫೈಲ್ ಬದುಕಿರುತ್ತದೆ. ಮೊದಲು ಅದರಲ್ಲೂ ಪ್ರತಿಯೊಬ್ಬರ ಬಗ್ಗೆ ನೋಟ್ಸ್ ಬರೆದಿಡುವ ವ್ಯವಸ್ಥೆ ಇತ್ತು, 2017ರ ಹೊಸ ಡಿಸೈನ್ ಬಂದಾಗ ಮಾಮೂಲಿ ಅಕೌಂಟಿನಿಂದ ತೆಗೆದುಹಾಕಿದರು. ಈಗ ಉಳಿದಿರುವ ಒಂದು ಉಪಯೋಗ ಹೇಳುತ್ತೇನೆ, ತುಂಬ ಜನಕ್ಕೆ ಗೊತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಡೇಟಾದ ಕಾಪಿ ಕೇಳಿದರೆ ಕನೆಕ್ಷನ್‌ಗಳ ಪಟ್ಟಿ ಫೈಲ್ ಆಗಿ ಬರುತ್ತದೆ: ಹೆಸರು, ಕಂಪನಿ, ಹುದ್ದೆ, ಕನೆಕ್ಟ್ ಆದ ತಾರೀಕು. ಫೋನ್ ನಂಬರ್ ಇರುವುದಿಲ್ಲ, ಇಮೇಲ್ ಕೂಡ ಅವರು ಒಪ್ಪಿದ್ದರೆ ಮಾತ್ರ. ಆದರೆ ಆ ತಾರೀಕು ಇದೆಯಲ್ಲ, ಅದು ಚಿನ್ನ. ಜನವರಿ 23ರಿಂದ 29ರ ನಡುವೆ ಕನೆಕ್ಟ್ ಆದವರೆಲ್ಲ ಹೆಚ್ಚುಕಮ್ಮಿ ಇಮ್‌ಟೆಕ್ಸ್‌ನಲ್ಲಿ ಸಿಕ್ಕವರೇ. ಸಾಲಾಗಿ ನೋಡುತ್ತ ಹೋದರೆ ಮುಖಗಳು ನೆನಪಾಗುತ್ತವೆ, ಆ ನೆನಪನ್ನು ಕಾಂಟ್ಯಾಕ್ಟ್ಸ್‌ನ ನೋಟ್ಸ್‌ಗೆ ಇಳಿಸಿದರಾಯಿತು.

ದುಡ್ಡು ಕೊಟ್ಟು ಒಂದು ಸಿಆರ್‌ಎಂ ಕೂಡ ತೆಗೆದುಕೊಂಡಿದ್ದೆವು, ಹೆಸರು ಬೇಡ. ಡೆಮೊ ಕೊಟ್ಟ ಹುಡುಗ ಚುರುಕಾಗಿದ್ದ. ಪೈಪ್‌ಲೈನ್, ಡ್ಯಾಶ್‌ಬೋರ್ಡ್, ಪ್ರತಿ ಡೀಲ್‌ಗೂ ಆಗುವ ಸಾಧ್ಯತೆ ಎಷ್ಟು ಪರ್ಸೆಂಟ್ ಅಂತ ತುಂಬುವ ಖಾನೆ. ನಮ್ಮ ಓನರ್‌ಗೆ ಆ ಪರ್ಸೆಂಟ್ ಬಹಳ ಹಿಡಿಸಿತು, ದಿನಾ ಕೇಳುತ್ತಿದ್ದರು. ನಾನು ದಿನಾ ಏನೋ ಒಂದು ತುಂಬುತ್ತಿದ್ದೆ. ಒಬ್ಬರನ್ನು ಸೇರಿಸಲು ಅಷ್ಟೊಂದು ಖಾನೆ, ಕೆಲವನ್ನು ತುಂಬದೆ ಸೇವ್ ಆಗುವುದೇ ಇಲ್ಲ, ಸ್ಟಾಲ್ ಮುಂದೆ ನಿಂತುಕೊಂಡು ಆಗುವ ಕೆಲಸವಲ್ಲ. ಬಿಡುವಾಗ ಡೇಟಾ ಕೇಳಿದರೆ ಹೆಸರು ನಂಬರ್ ಕೊಟ್ಟರು, ಮಾತುಕತೆಯ ಇತಿಹಾಸ ಬೇಕಾದರೆ ಮೇಲಿನ ಪ್ಲಾನ್ ತೆಗೆದುಕೊಳ್ಳಿ ಅಂದರು. ನಾಲ್ಕೈದು ಜನ ಸೇಲ್ಸ್‌ನಲ್ಲಿದ್ದು, ಯಾರು ಯಾರನ್ನು ಮಾತಾಡಿಸಿದರು ಅಂತ ಎಲ್ಲರಿಗೂ ಕಾಣಬೇಕಾದರೆ ಸಿಆರ್‌ಎಂ ಬೇಕೇ ಬೇಕು, ಮಾಮೂಲಿ ಜಿಮೇಲ್ ಅಕೌಂಟಿನ ಕಾಂಟ್ಯಾಕ್ಟ್ಸ್ ಅದಕ್ಕೆ ಸಾಲದು. ಒಬ್ಬರೇ ಇದ್ದರೆ, ಇಬ್ಬರಿದ್ದರೂ, ಸುಮ್ನೆ ದಂಡ.

ಇನ್ನೊಂದು ಮಾತು. ಬೇರೆಯವರ ನಂಬರ್ ನಮ್ಮ ಕೈಗೆ ಕೊಟ್ಟಿರುವುದು ನಾವು ಮಾತಾಡಲಿ ಅಂತ, ಸಿಕ್ಕ ಸಿಕ್ಕ ಆ್ಯಪಿಗೆ ಸುರಿಯಲಿ ಅಂತಲ್ಲ. ಡಿಜಿಟಲ್ ಡೇಟಾ ರಕ್ಷಣೆಗೆ 2023ರಲ್ಲಿ ಕಾನೂನೂ ಬಂದಿದೆ. ಯಾವುದೋ ಹೊಸ ಆ್ಯಪ್ 'ನಿಮ್ಮ ಇಡೀ ಕಾಂಟ್ಯಾಕ್ಟ್ ಲಿಸ್ಟ್ ಕೊಡಿ, ಎಐ ಹಾಕಿ ನಿಮ್ಮ ನೆಟ್‌ವರ್ಕ್ ಬೆಳೆಸುತ್ತೇವೆ' ಅಂದರೆ ನಾನು ಕೊಡುವುದಿಲ್ಲ.

ಸ್ಟಾರ್ ಲೆಕ್ಕದಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಐದಕ್ಕೆ ನಾಲ್ಕು. ಜೊತೆಗೆ ವಾಟ್ಸ್ಆ್ಯಪ್ ಬಿಸಿನೆಸ್ ಲೇಬಲ್ ಇಟ್ಟುಕೊಂಡರೆ ಸಣ್ಣ ಉದ್ಯೋಗದವರಿಗೆ, ಫ್ರೀಲ್ಯಾನ್ಸ್ ಮಾಡುವವರಿಗೆ, ಕೆಲಸ ಹುಡುಕುತ್ತಿರುವ ಹುಡುಗರಿಗೂ ಸಾಕು.

ಶುರು ಮಾಡುವವರು ಮೊದಲು ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಹೊಸ ನಂಬರ್ ಸೇವ್ ಮಾಡುವಾಗ ಅದು ಎಲ್ಲಿ ಹೋಗಿ ಕೂರುತ್ತಿದೆ? ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಅಕೌಂಟ್, ಫೋನ್, ಸಿಮ್ ಅಂತ ಆಯ್ಕೆ ಇರುತ್ತದೆ. ಸಿಮ್‌ಗೆ ಹೋದರೆ ಹೆಸರು, ನಂಬರ್ ಮಾತ್ರ ಉಳಿಯುತ್ತದೆ, ನೋಟ್ಸ್ ಹಿಡಿಯುವುದಿಲ್ಲ. ಫೋನಿಗೆ ಹೋದರೆ ಫೋನ್ ಕಳೆದ ದಿನ ಅದೂ ಹೋಯಿತು. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಜಿಮೇಲ್ ಅಕೌಂಟ್ ಸೇರಿಸಿ, ಕಾಂಟ್ಯಾಕ್ಟ್ಸ್ ಆನ್ ಮಾಡಿ, ಡಿಫಾಲ್ಟ್ ಅಕೌಂಟನ್ನೂ ಜಿಮೇಲ್‌ಗೆ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸಬರೆಲ್ಲ ಐಕ್ಲೌಡ್‌ನಲ್ಲಿ, ಹಳಬರೆಲ್ಲ ಗೂಗಲ್‌ನಲ್ಲಿ ಅಂತ ಎರಡು ಪಂಗಡ ಆಗುತ್ತದೆ. ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವುದು ಸುಲಭ: ಫೋನಿನಲ್ಲಿ ಯಾರದಾದರೂ ಒಂದು ನೋಟ್ಸ್ ಬರೆಯಿರಿ, ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಜಿಮೇಲ್‌ನಿಂದ ಕಾಂಟ್ಯಾಕ್ಟ್ಸ್ ತೆರೆಯಿರಿ, ಸ್ವಲ್ಪ ಹೊತ್ತಿನಲ್ಲಿ ಅದು ಅಲ್ಲಿ ಕಾಣಬೇಕು. ಕಾಣದಿದ್ದರೆ ಕಾರ್ಡ್ ಸ್ಕ್ಯಾನ್ ಮಾಡಲು ಕೂರುವ ಮುಂಚೆ ಅದನ್ನು ಸರಿಮಾಡಿಕೊಳ್ಳಿ.